ಸರ್ವರ್ ಯಾಕೆ ಬಿತ್ತು ಎಂದು ಹೇಳುವ ಸಾಧನವೇ ತಪ್ಪು ಹೇಳಿದರೆ?

ರೇಷನ್ ಅಂಗಡಿ ಇರಲಿ, ಉತಾರ (ಪಹಣಿ) ಕೊಡುವ ಕೌಂಟರ್ ಇರಲಿ, ಬ್ಯಾಂಕ್ ಇರಲಿ, ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆಲ್ಲ ಒಂದು ಮಾತು ಕೇಳಿ ಕೇಳಿ ರೂಢಿಯಾಗಿದೆ: "ಸರ್ವರ್ ಬಿದ್ದೈತ್ರೀ, ನಾಳೆ ಬರ್ರಿ." ಬೀಳುವುದಕ್ಕೆ ಕಾರಣ ನೂರೆಂಟು. ಬಹಳ ಸಲ ನೆಟ್ ಹೋಗಿರುತ್ತದೆ. ಇಲ್ಲವೇ ಒಂದೇ ಹೊತ್ತಿಗೆ ಜಾಸ್ತಿ ಮಂದಿ ಮುಗಿಬಿದ್ದಿರುತ್ತಾರೆ. ಆದರೆ ಕೆಲವು ಸಲ ಕಂಪ್ಯೂಟರಿನ ಬುಡದಲ್ಲಿ ಕೆಲಸ ಮಾಡುವ ತಂತ್ರಾಂಶವೇ ಮುಂದೆ ಹೋಗಲಾರದೆ ನಿಂತುಬಿಡುತ್ತದೆ. ಅದು ಕರ್ನಲ್ ಕ್ರ್ಯಾಶ್.

2024ರ ಜುಲೈ 19ರಂದು ಅದರ ಬಿಸಿ ಇಡೀ ಜಗತ್ತಿಗೆ ತಟ್ಟಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆಮೇಲೆ ಗೊತ್ತಾದ ಕಾರಣ ಬಹಳ ಸಣ್ಣದು. ಕರ್ನಲ್ ಒಳಗೆ ಓಡುತ್ತಿದ್ದ ಅವರ ಪ್ರೋಗ್ರಾಂಗೆ ಸಿಕ್ಕಿದ್ದು 20 ಮೌಲ್ಯ. ಅದು ಓದಲು ಹೋಗಿದ್ದು 21ನೆಯದನ್ನು. ಇಲ್ಲದ ಜಾಗಕ್ಕೆ ಕೈ ಹಾಕಿತು, ಯಂತ್ರ ಬಿತ್ತು. ಮೈಕ್ರೋಸಾಫ್ಟ್ ಕೂಡ ಬಿದ್ದ ಯಂತ್ರಗಳ ಮೆಮೊರಿಯ ಪ್ರತಿಗಳನ್ನು ಬಿಚ್ಚಿ ನೋಡಿ ಇದನ್ನು ಖಚಿತಪಡಿಸಿತು.

ಮೆಮೊರಿಯ ಆ ಪ್ರತಿಗೆ ಕ್ರ್ಯಾಶ್ ಡಂಪ್ ಎಂದು ಹೆಸರು. ಅದನ್ನು ಓದಲು ಬೇರೆಯೇ ಸಾಧನ ಬೇಕು. ಆ ಸಾಧನವನ್ನೂ ಮನುಷ್ಯರೇ ಬರೆದಿರುತ್ತಾರೆ, ಹಾಗಾಗಿ ಅದರಲ್ಲೂ ಬಗ್, ಅಂದರೆ ತಪ್ಪುಗಳು, ಇರುತ್ತವೆ. ಯಾರೋ ಒಬ್ಬರು ಆ ಬಗ್ ಸರಿಪಡಿಸಿ ಪ್ಯಾಚ್, ಅಂದರೆ ತಿದ್ದಿದ ಸಾಲುಗಳನ್ನು, ಕಳಿಸುತ್ತಾರೆ. ಇನ್ನೊಬ್ಬರು ಅದನ್ನು ರಿವ್ಯೂ ಮಾಡುತ್ತಾರೆ, ಅಂದರೆ ಸಾಲು ಸಾಲಾಗಿ ಓದಿ ಸರಿ ಇದೆಯೇ ಎಂದು ನೋಡುತ್ತಾರೆ. ಧಾರವಾಡದಲ್ಲಿ ಐಐಟಿ, ಐಐಐಟಿ, ಎಸ್‌ಡಿಎಂ ಕಾಲೇಜು, ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇರುವಾಗ ಈ ಕೆಲಸ ಕಲಿಯುವವರು ನಮ್ಮ ಓಣಿಯಲ್ಲೇ ಇದ್ದರೂ ಆಶ್ಚರ್ಯವಿಲ್ಲ. "ಪ್ಯಾಚ್ ರಿವ್ಯೂ ಮಾಡಾಕತ್ತೇನಿ" ಎಂದು ಮಗ ಅಥವಾ ಮಗಳು ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದರೆ, ಅವರು ನೋಡುತ್ತಿರುವುದು ಏನು? ಬುಡದಿಂದ ನೋಡೋಣ. ಇಲ್ಲಿಂದ ಮುಂದೆ ಲಿನಕ್ಸ್ ಉದಾಹರಣೆ ಹಿಡಿಯುತ್ತೇನೆ, ಯಾಕೆಂದರೆ ಅದರ ಒಳಗಿರುವುದೆಲ್ಲ ಯಾರು ಬೇಕಾದರೂ ತೆರೆದು ಓದಬಹುದಾದದ್ದು.

ಕರ್ನಲ್ ಯಾಕೆ ತಾನೇ ನಿಲ್ಲುತ್ತದೆ

ಕಂಪ್ಯೂಟರಿನಲ್ಲಿ ಮೆಮೊರಿ, ಡಿಸ್ಕ್, ಪ್ರೊಸೆಸರ್, ನೆಟ್‌ವರ್ಕ್ ಇವನ್ನೆಲ್ಲ ನೇರವಾಗಿ ಮುಟ್ಟುವ ಅಧಿಕಾರ ಇರುವುದು ಕರ್ನಲ್‌ಗೆ ಮಾತ್ರ. ಬೇರೆ ಪ್ರೋಗ್ರಾಂಗಳು ಏನು ಬೇಕಾದರೂ ಅದನ್ನೇ ಕೇಳಬೇಕು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಕರ್ನಲ್ ಇವತ್ತು ಪ್ರತಿ ಆಂಡ್ರಾಯ್ಡ್ ಫೋನಿನ ಒಳಗಿದೆ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸೇ.

ಮೊಬೈಲಿನಲ್ಲಿ ಒಂದು ಆಪ್ ತಪ್ಪು ಮಾಡಿದರೆ ಕರ್ನಲ್ ಅದನ್ನು ಮುಚ್ಚಿ, ಅದು ಹಿಡಿದಿದ್ದ ಜಾಗ ಬಿಡಿಸಿ, ಉಳಿದವರ ಕೆಲಸ ಮುಂದುವರಿಸುತ್ತದೆ. ತಪ್ಪು ಕರ್ನಲ್ ಒಳಗೇ ಆದರೆ? ಅದರ ಮೇಲೆ ನೋಡಿಕೊಳ್ಳುವವರು ಯಾರೂ ಇಲ್ಲ. ಮೆಮೊರಿಯ ಯಾವ ಭಾಗ ಕೆಟ್ಟಿದೆಯೋ ಗೊತ್ತಿಲ್ಲದೆ ಮುಂದುವರಿದರೆ ಡಿಸ್ಕಿನಲ್ಲಿ ತಪ್ಪು ಲೆಕ್ಕ ಬರೆದುಬಿಡಬಹುದು. ಬ್ಯಾಂಕಿನ ಸರ್ವರ್ ಒಂದು ತಾಸು ನಿಂತರೆ ಜನ ಬೈಯುತ್ತಾರೆ, ಖಾತೆಯಲ್ಲಿ ತಪ್ಪು ಅಂಕಿ ಕೂತರೆ ಕೋರ್ಟಿಗೇ ಹೋಗಬೇಕಾಗುತ್ತದೆ. ಆದ್ದರಿಂದ ಸರಿಪಡಿಸಲಾಗದ ತಪ್ಪು ಕಂಡಾಗ ಕರ್ನಲ್ ಬೇಕೆಂದೇ ತನ್ನನ್ನು ನಿಲ್ಲಿಸಿಕೊಳ್ಳುತ್ತದೆ. ಇದನ್ನು ಪ್ಯಾನಿಕ್ ಎನ್ನುತ್ತಾರೆ.

ಬಿದ್ದವನ ಪ್ರತಿ ತೆಗೆಯುವುದು ಹೇಗೆ

ಇಲ್ಲೊಂದು ತೊಡಕಿದೆ. ಮೆಮೊರಿಯನ್ನು ಡಿಸ್ಕಿಗೆ ಬರೆಯುವ ಕೆಲಸ ಕರ್ನಲ್‌ನದು. ಈಗ ಬಿದ್ದಿರುವುದೂ ಅದೇ. ಕೆಟ್ಟಿರುವವನ ಕೈಯಲ್ಲೇ ಬರೆಸಿದರೆ ನಂಬುವುದು ಹೇಗೆ? ಹಾಗಂತ ಸುಮ್ನೆ ರೀಸ್ಟಾರ್ಟ್ ಮಾಡಿದರೆ ಮೆಮೊರಿ ಅಳಿಸಿಹೋಗುತ್ತದೆ, ಕಾರಣವೂ ಅದರ ಜೊತೆ ಹೋಗುತ್ತದೆ.

ಲಿನಕ್ಸ್ ಇದಕ್ಕೆ ಮಾಡಿದ ಉಪಾಯದ ಹೆಸರು ಕೆಡಂಪ್. 2005ರಲ್ಲಿ, 2.6.13 ಆವೃತ್ತಿಯಲ್ಲಿ, ಅದು ಕರ್ನಲ್ ಒಳಗೆ ಸೇರಿತು. ಯಂತ್ರ ಶುರುವಾಗುವಾಗಲೇ ಮೆಮೊರಿಯ ಒಂದು ಭಾಗವನ್ನು, ಉದಾಹರಣೆಗೆ 256 ಎಂಬಿ, ಯಾರೂ ಮುಟ್ಟದಂತೆ ಎತ್ತಿಡುತ್ತಾರೆ. ಅದರಲ್ಲಿ ಎರಡನೆಯ ಕರ್ನಲ್ ಒಂದನ್ನು ತುಂಬಿ ಸಿದ್ಧವಾಗಿ ಇಡುತ್ತಾರೆ. ಮೊದಲನೆಯದು ಬಿದ್ದ ಕ್ಷಣ, ಯಂತ್ರವನ್ನು ಪೂರ್ತಿ ರೀಸ್ಟಾರ್ಟ್ ಮಾಡದೆ, ನೇರವಾಗಿ ಎರಡನೆಯದಕ್ಕೆ ಜಿಗಿಯುತ್ತದೆ. ಅದು ತನಗೆ ಕೊಟ್ಟ ಜಾಗದಲ್ಲಷ್ಟೇ ಓಡುತ್ತದೆ. ಹಳೆಯ ಮೆಮೊರಿ ಇದ್ದ ಹಾಗೇ ಇರುತ್ತದೆ. ಅದನ್ನು ಒಂದು ಫೈಲ್ ಥರ ತೋರಿಸಿ ಡಿಸ್ಕಿಗೋ, ನೆಟ್‌ವರ್ಕಿನ ಇನ್ನೊಂದು ಯಂತ್ರಕ್ಕೋ ಉಳಿಸುತ್ತದೆ. ಆ ಫೈಲನ್ನು ವಿಎಂಕೋರ್ ಎಂದು ಕರೆಯುತ್ತಾರೆ.

ದೊಡ್ಡ ಸರ್ವರಿನ ಮೆಮೊರಿ ನೂರಾರು ಜಿಬಿ ಇರುತ್ತದೆ. ಅಷ್ಟನ್ನೂ ಬರೆಯುತ್ತ ಕೂತರೆ ಹೊತ್ತು ಹೋಗುತ್ತದೆ. ಅದಕ್ಕೇ ಮೇಕ್‌ಡಂಪ್‌ಫೈಲ್ ಎಂಬ ಜೊತೆಗಾರ ಸಾಧನ ಬೇಡದ್ದನ್ನು ಸೋಸುತ್ತದೆ. ಮೆಮೊರಿಯ ಸಣ್ಣ ತುಂಡಿಗೆ ಪುಟ ಎನ್ನುತ್ತಾರೆ. ಬರೀ ಸೊನ್ನೆ ತುಂಬಿದ ಪುಟಗಳು, ಎರಡು ಬಗೆಯ ಕ್ಯಾಶ್ ಪುಟಗಳು (ಡಿಸ್ಕಿನಿಂದ ತಂದಿಟ್ಟುಕೊಂಡ ಪ್ರತಿಗಳು), ಬಳಕೆದಾರರ ಪ್ರೋಗ್ರಾಂಗಳ ಪುಟಗಳು, ಖಾಲಿ ಪುಟಗಳು: ಈ ಐದಕ್ಕೆ 1, 2, 4, 8, 16 ಎಂದು ಅಂಕಿ ಕೊಟ್ಟಿದ್ದಾರೆ. ಐದನ್ನೂ ಬಿಡಬೇಕೆಂದರೆ ಕೂಡಿಸಿ 31 ಎಂದು ಬರೆದರಾಯಿತು.

ಅಂಕಿ ಒಂದು ಕಡೆ, ಕಾಲಂ ಇನ್ನೊಂದು ಕಡೆ

ಈಗ ಕೈಯಲ್ಲಿ ಡಂಪ್ ಇದೆ. ತೆರೆದು ನೋಡಿದರೆ ಬರೀ ಅಂಕಿ. ಕೋಟ್ಯಂತರ ಬೈಟ್‌ಗಳ ಸಾಲು. ಯಾವುದು ಪ್ರೋಗ್ರಾಮಿನ ಹೆಸರು, ಯಾವುದು ಡಿಸ್ಕಿನ ವಿಳಾಸ ಎಂಬ ಗುರುತು ಎಲ್ಲೂ ಇರುವುದಿಲ್ಲ.

ಹೊಲದ ಉತಾರ ನೆನಪಿಸಿಕೊಳ್ಳಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಸಾಲ ಮತ್ತು ಹಕ್ಕಿನ ವಿವರ. ಕಾಲಂ ತಲೆಬರಹ ಇರುವುದರಿಂದ ಓದಲು ಬರುತ್ತದೆ. ಆ ತಲೆಬರಹ, ಗೆರೆ ಎಲ್ಲ ಅಳಿಸಿ, ತುಂಬಿದ ಅಕ್ಷರ-ಅಂಕಿಗಳನ್ನು ಒಂದೇ ಉದ್ದ ಸಾಲಿನಲ್ಲಿ ಬರೆದರೆ ಹೇಗಿರುತ್ತದೆ? ಡಂಪ್ ಹಾಗೇ ಇರುತ್ತದೆ. ತಲೆಬರಹವಿರುವ ಖಾಲಿ ಫಾರಂ ಬೇರೆ ಕಡೆ ಇರುತ್ತದೆ. ಕರ್ನಲ್ ಕಟ್ಟುವಾಗಲೇ ಅದನ್ನು ತಯಾರಿಸಿಡುತ್ತಾರೆ. ಅದರ ಹೆಸರು ಡಿಬಗ್‌ಇನ್ಫೋ. ಇಂಥ ದಾಖಲೆಯ ಶುರುವಿನಿಂದ ಇಷ್ಟು ಬೈಟ್ ಆಚೆ ಇಂಥ ವಿವರ ಇದೆ, ಅದರ ಅಳತೆ ಇಷ್ಟು ಬೈಟ್ ಎಂದು ಅದು ಹೇಳುತ್ತದೆ. ಆ ದೂರವನ್ನು ಆಫ್‌ಸೆಟ್ ಎನ್ನುತ್ತಾರೆ. ಮುಂದಿನ ಕಥೆಯೆಲ್ಲ ಆಫ್‌ಸೆಟ್ ಮತ್ತು ಅಳತೆ, ಈ ಎರಡರದ್ದೇ.

ಫಾರಂ ಮತ್ತು ಅಂಕಿ ಎರಡನ್ನೂ ಜೋಡಿಸಿ ಓದುವ ಸಾಧನದ ಹೆಸರೇ ಕ್ರ್ಯಾಶ್. ಯುನಿಕ್ಸ್ ಕಾಲದ ಅದೇ ಹೆಸರಿನ ಒಂದು ಕಮಾಂಡಿನ ದಾರಿ ಹಿಡಿದು, ರೆಡ್ ಹ್ಯಾಟ್ ಕಂಪನಿಯ ಡೇವ್ ಆ್ಯಂಡರ್ಸನ್ ಇದನ್ನು ಕಟ್ಟಿದರು. ಡಿಬಗ್‌ಇನ್ಫೋ ಓದುವ ಕೆಲಸಕ್ಕೆ ಜಿಡಿಬಿ ಎಂಬ ಹಳೆಯ ಡಿಬಗರ್ (ಬಗ್ ಹುಡುಕುವ ಸಾಧನ) ಅದರ ಹೊಟ್ಟೆಯೊಳಗೇ ಇದೆ. 'ಲಾಗ್' ಎಂದರೆ ಬೀಳುವ ಮುಂಚೆ ಕರ್ನಲ್ ಬರೆದ ಕೊನೆಯ ಸಂದೇಶಗಳು ಬರುತ್ತವೆ. 'ಬಿಟಿ' ಎಂದರೆ ಯಾವ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಯಾವುದನ್ನು ಕರೆದು ಕೊನೆಗೆ ಎಲ್ಲಿ ಬಿದ್ದಿತು ಎಂಬ ಸರಪಳಿ. 'ಪಿಎಸ್' ಎಂದರೆ ಆಗ ಯಾವ ಯಾವ ಪ್ರೋಗ್ರಾಂ ಯಾವ ಸ್ಥಿತಿಯಲ್ಲಿತ್ತು ಎಂಬ ಪಟ್ಟಿ. ಈ ಮೂರರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಸಾಧನದಲ್ಲಿ ಬಗ್ ಬರುವುದು ಎಲ್ಲಿಂದ

ಎಲ್ಲ ಸಲ ಬರೆದವರ ಅಜಾಗರೂಕತೆಯಿಂದಲೇ ಬರುತ್ತದೆ ಎಂದೇನಿಲ್ಲ. ಹೆಚ್ಚಿನ ಸಲ ಕೆಳಗಿನ ಕರ್ನಲ್ ಬದಲಾಗಿರುತ್ತದೆ.

ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಲಿನಕ್ಸ್ ಕರ್ನಲ್ ಬರುತ್ತದೆ. ಹೊರಗಿನ ಪ್ರೋಗ್ರಾಂಗಳು ಬಳಸುವ ಬಾಗಿಲುಗಳನ್ನು ಕೆಡಿಸುವುದಿಲ್ಲ ಎಂಬ ಕಟ್ಟುನಿಟ್ಟು ಅಲ್ಲಿದೆ. ಆದರೆ ಒಳಗಿನ ದಾಖಲೆಗಳ ರೂಪ ಹೀಗೇ ಇರುತ್ತದೆ ಎಂದು ಅವರು ಯಾರಿಗೂ ಮಾತು ಕೊಟ್ಟಿಲ್ಲ. 2020ರ ಡಿಸೆಂಬರ್‌ನ 5.10ರಲ್ಲಿ ಸಂದೇಶಗಳನ್ನು ಇಡುವ ವಿಧಾನವೇ ಬದಲಾಯಿತು, 'ಲಾಗ್' ಕಮಾಂಡ್ ಹೊಸದಾಗಿ ಓದುವುದನ್ನು ಕಲಿಯಬೇಕಾಯಿತು. 2022ರ ಮಾರ್ಚಿನ 5.17ರಲ್ಲಿ ಮೆಮೊರಿ ಹಂಚಿಕೆಯ ಒಂದು ದಾಖಲೆ ಎರಡಾಗಿ ಒಡೆಯಿತು. ಅದೇ ವರ್ಷದ ಡಿಸೆಂಬರ್‌ನ 6.1ರಲ್ಲಿ ಪ್ರೋಗ್ರಾಮಿನ ಮೆಮೊರಿ ನಕ್ಷೆಯನ್ನು ಕೊಂಬೆ ಕೊಂಬೆಯಾಗಿ ಜೋಡಿಸಿಡುವ ಹಳೆಯ ಮರ ಹೋಗಿ ಮೇಪಲ್ ಟ್ರೀ ಎಂಬ ಹೊಸ ಮರ ಬಂತು. ಪ್ರತಿ ಸಲವೂ ಕ್ರ್ಯಾಶ್ ಸಾಧನ ಹಿಂದೆ ಹಿಂದೆ ಓಡಬೇಕು. ಓಡುವಾಗ ಹಳೆಯದನ್ನು ಬಿಡುವಂತಿಲ್ಲ. ಹತ್ತು ವರ್ಷ ಹಳೆಯ ಕರ್ನಲ್ ಮೇಲೆ ಓಡುವ ಸರ್ವರ್‌ಗಳು ಇನ್ನೂ ಬೇಕಾದಷ್ಟು ಇವೆ, ಅವೂ ಬೀಳುತ್ತವೆ.

ಒಂದು ಪ್ಯಾಚ್ ಹಿಡಿದು ನೋಡೋಣ

2021ರ ಆಗಸ್ಟ್‌ನಲ್ಲಿ ಬಂದ 5.14 ಕರ್ನಲ್‌ನ ಒಂದು ಬದಲಾವಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಓಡುವ ಪ್ರತಿ ಪ್ರೋಗ್ರಾಮಿಗೂ ಕರ್ನಲ್ ಒಂದು ದಾಖಲೆ ಇಟ್ಟಿರುತ್ತದೆ, ಅದರ ಹೆಸರು ಟಾಸ್ಕ್ ಸ್ಟ್ರಕ್ಟ್. ಅದರಲ್ಲಿ 'ಸ್ಟೇಟ್' ಎಂಬ ಒಂದು ಕಾಲಂ ಇತ್ತು. 0 ಇದ್ದರೆ ಪ್ರೋಗ್ರಾಂ ಓಡುತ್ತಿದೆ ಅಥವಾ ಓಡಲು ಸಿದ್ಧ. 1 ಇದ್ದರೆ ಮಲಗಿದೆ, ಎಬ್ಬಿಸಬಹುದು. 2 ಇದ್ದರೆ ಮಲಗಿದೆ, ಆದರೆ ಕಾಯುತ್ತಿರುವ ಕೆಲಸ ಮುಗಿಯುವ ತನಕ ಎಬ್ಬಿಸಲು ಬರುವುದಿಲ್ಲ. ಸರ್ವರ್ ಬೀಳದೆ ಸುಮ್ನೆ ಜಾಮ್ ಆಗಿ ಕೂತಾಗ ಎಂಜಿನಿಯರ್‌ಗಳು ಮೊದಲು ಹುಡುಕುವುದು ಈ 2ನೇ ಗುಂಪಿನವರನ್ನೇ. ಡಿಸ್ಕಿಗಾಗಿ ಕಾಯುತ್ತ ಸಿಕ್ಕಿಹಾಕಿಕೊಂಡವರು ಅಲ್ಲಿ ಸಿಗುತ್ತಾರೆ.

5.14ರಲ್ಲಿ ಆ ಕಾಲಂನ ಹೆಸರಿನ ಶುರುವಿಗೆ ಎರಡು ಅಂಡರ್‌ಸ್ಕೋರ್ (_) ಸೇರಿಸಿದರು. ಜೊತೆಗೆ ಅಳತೆಯನ್ನೂ ಬದಲಿಸಿದರು. 64-ಬಿಟ್ ಯಂತ್ರದಲ್ಲಿ ಮೊದಲು 8 ಬೈಟ್ ಇದ್ದದ್ದು 4 ಬೈಟ್ ಆಯಿತು. ಹಳೆಯ ಕ್ರ್ಯಾಶ್ ಸಾಧನ ಹೊಸ ಡಂಪ್ ತೆರೆದು "ಸ್ಟೇಟ್ ಎಲ್ಲಿದೆ?" ಎಂದು ಕೇಳಿದರೆ ಡಿಬಗ್‌ಇನ್ಫೋದಿಂದ "ಅಂಥದ್ದು ಇಲ್ಲ" ಎಂಬ ಉತ್ತರ. ಸಾಧನ ಆಫ್‌ಸೆಟ್ ಸರಿಯಿಲ್ಲ ಎಂಬ ಎರರ್ ಕೊಟ್ಟು ನಿಲ್ಲುತ್ತದೆ.

ಈಗ ಹುಬ್ಬಳ್ಳಿಯ ಒಬ್ಬ ವಿದ್ಯಾರ್ಥಿ ಇದಕ್ಕೆ ಪ್ಯಾಚ್ ಬರೆದ ಎಂದುಕೊಳ್ಳಿ. ಸುಲಭದ ಯೋಚನೆ: ಹಳೆಯ ಹೆಸರು ಸಿಗದಿದ್ದರೆ ಹೊಸ ಹೆಸರು ಹುಡುಕು. ಎರಡೇ ಸಾಲು. ಓಡಿಸಿದ, 'ಪಿಎಸ್' ಪಟ್ಟಿ ಬಂತು.

"ಸರ್, ಎರರ್ ಹೋತ್ರೀ."

"ಎರರ್ ಹೋತು, ಖರೆ. ಉತ್ತರ ಸರಿ ಐತೇನು?"

ರಿವ್ಯೂ ಶುರುವಾಗುವುದು ಇಲ್ಲಿಂದ. ಎರರ್ ಬಂದರೆ ಕನಿಷ್ಠ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಅಚ್ಚುಕಟ್ಟಾದ ಪಟ್ಟಿಯಲ್ಲಿ ತಪ್ಪು ಉತ್ತರ ಬಂದರೆ ಅದನ್ನು ನಂಬಿಕೊಂಡು ಎರಡು ದಿನ ಬೇರೆ ಕಡೆ ಹುಡುಕುತ್ತಾರೆ. ನನ್ನ ಮಟ್ಟಿಗೆ ಇಂಥ ಸಾಧನದಲ್ಲಿ ಮೊದಲನೆಯದು ಸಣ್ಣ ಬಗ್, ಎರಡನೆಯದು ದೊಡ್ಡ ಬಗ್.

ಆ ಎರಡು ಸಾಲಿನ ಪ್ಯಾಚ್‌ನಲ್ಲಿ ಕಾಲಂ ಸಿಕ್ಕಿತು, ಆದರೆ ಓದುವ ಸಾಲು ಮೊದಲಿನ ಹಾಗೇ 8 ಬೈಟ್ ಎತ್ತುತ್ತಿದೆ. ಇರುವುದು 4. ಉಳಿದ 4 ಬೈಟ್ ಆ ಕಾಲಂನದಲ್ಲ, ಅದರ ಆಚೆಯ ಜಾಗದ್ದು. ಉತಾರದಲ್ಲಿ 9ನೇ ಕಾಲಂ ಜೊತೆ 10ನೆಯದರ ಅರ್ಧವನ್ನೂ ಸೇರಿಸಿ ಮಾಲೀಕರ ಹೆಸರು ಎಂದು ಓದಿದ ಹಾಗೆ. ಹಾಗಿದ್ದರೆ ಪಟ್ಟಿ ಸರಿ ಬಂದದ್ದು ಹೇಗೆ? ನಾವೆಲ್ಲ ಬಳಸುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಅಂಕಿಯ ಚಿಕ್ಕ ಭಾಗವನ್ನು ಮೊದಲು ಇಡುತ್ತವೆ. ಮೊದಲ 4 ಬೈಟ್‌ನಲ್ಲಿ ನಿಜವಾದ ಉತ್ತರ ಇದೆ. ಪಕ್ಕದ 4 ಬೈಟ್ 5.14ರಲ್ಲಿ ಸಾಮಾನ್ಯವಾಗಿ ಖಾಲಿ ಜಾಗ, ಅಂದರೆ ಸೊನ್ನೆ. ಒಟ್ಟು ಮೊತ್ತ ಬದಲಾಗಲಿಲ್ಲ. ಬರೀ ಅದೃಷ್ಟ.

ಐಬಿಎಂನ ದೊಡ್ಡ ಮೇನ್‌ಫ್ರೇಮ್ ಯಂತ್ರಗಳಲ್ಲಿ ಈ ಅದೃಷ್ಟ ನಡೆಯುವುದಿಲ್ಲ. ಅವು ಅಂಕಿಯ ದೊಡ್ಡ ಭಾಗವನ್ನು ಮೊದಲು ಇಡುತ್ತವೆ. ಅಲ್ಲಿ 4 ಬೈಟಿನ 1ನ್ನು 8 ಬೈಟ್ ಎಂದು ಓದಿದರೆ ಬರುವ ಉತ್ತರ 4294967296. ಅಂಥ ಸ್ಥಿತಿಯೇ ಇಲ್ಲ! ಇನ್ನು ಇಂಟೆಲ್ ಕಡೆಗೂ ನೆಮ್ಮದಿ ಬಹಳ ದಿನ ಇರಲಿಲ್ಲ. ಮುಂದೆ ರಿಯಲ್-ಟೈಮ್ (ಗೊತ್ತುಮಾಡಿದ ಹೊತ್ತಿನೊಳಗೆ ಕೆಲಸ ಮುಗಿಸಬೇಕಾದ) ಕರ್ನಲ್‌ಗಳಲ್ಲಿ ಆ ಖಾಲಿ ಜಾಗಕ್ಕೇ ಇನ್ನೊಂದು ಸ್ಥಿತಿಯನ್ನು ಉಳಿಸಿಡುವ ಹೊಸ ಕಾಲಂ ಬಂದು ಕೂತಿತು. ಆದ್ದರಿಂದ ಸರಿಯಾದ ಪ್ಯಾಚ್ ಕಾಲಂ ಎಲ್ಲಿದೆ ಎಂದು ಕೇಳಿದ ಹಾಗೆ, ಅದು ಎಷ್ಟು ಅಗಲ ಇದೆ ಎಂದೂ ಡಿಬಗ್‌ಇನ್ಫೋವನ್ನು ಕೇಳಬೇಕು. 8 ಎಂದರೆ 8, 4 ಎಂದರೆ 4 ಓದಬೇಕು.

ವಿದ್ಯಾರ್ಥಿ ಎರಡನೇ ಸಲ ಬರೆದ. ಈ ಸಲ ಹೀಗೆ: ಕರ್ನಲ್ ಆವೃತ್ತಿ 5.14 ಅಥವಾ ಮುಂದಿನದಾದರೆ ಹೊಸ ಕಾಲಂ, ಇಲ್ಲದಿದ್ದರೆ ಹಳೆಯದು. ಓದಲು ಚೆಂದ. ಆದರೂ ರಿವ್ಯೂ ಮಾಡುವವರು ಇದನ್ನು ಸಾಧ್ಯವಾದಷ್ಟು ತಪ್ಪಿಸುತ್ತಾರೆ. ಯಾಕೆಂದರೆ ಕಂಪನಿಗಳು ಮಾರುವ ಲಿನಕ್ಸ್‌ನಲ್ಲಿ ಆವೃತ್ತಿ ಅಂಕಿ ಒಂದು ಇರುತ್ತದೆ, ಒಳಗಿನ ಸರಕು ಇನ್ನೊಂದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಕರ್ನಲ್ ಹೆಸರಿಗೆ 4.18. ಆದರೆ ಆಮೇಲೆ ಬಂದ ಕರ್ನಲ್‌ಗಳ ಎಷ್ಟೋ ಬದಲಾವಣೆಗಳನ್ನು ಅದಕ್ಕೆ ತಂದು ಸೇರಿಸಿದ್ದಾರೆ. ಫಾರಂ ಮೇಲೆ ಅಚ್ಚಾದ ವರ್ಷ ನೋಡಿ ಯಾವ ಕಾಲಂನಲ್ಲಿ ಏನಿದೆ ಎಂದು ಊಹಿಸುವುದಕ್ಕಿಂತ ತಲೆಬರಹವನ್ನೇ ಓದುವುದು ಒಳ್ಳೆಯದು, ಅಲ್ವಾ? ಹಾಗೇ ಇಲ್ಲೂ ಆವೃತ್ತಿ ನೋಡದೆ, ಆ ಕಾಲಂ ಇದೆಯೋ ಇಲ್ಲವೋ ಎಂದು ನೋಡಬೇಕು.

ಮೂರನೆಯ ಮಾತು ಹೊಸಬರಿಗೆ ವಿಚಿತ್ರ ಅನ್ನಿಸುವಂಥದ್ದು. ತಾನು ಕಂಡುಕೊಂಡ ಆಫ್‌ಸೆಟ್‌ಗಳನ್ನೆಲ್ಲ ಕ್ರ್ಯಾಶ್ ಸಾಧನ ತನ್ನದೇ ಒಂದು ದೊಡ್ಡ ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೊಸ ಆಫ್‌ಸೆಟ್ ಸೇರಿಸುವಾಗ ಸಂಬಂಧಪಟ್ಟವುಗಳ ಪಕ್ಕದಲ್ಲೇ ಇಡಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ರಿವ್ಯೂನಲ್ಲಿ ಬರುವ ಉತ್ತರ: ಬೇಡ, ಕೊನೆಗೆ ಸೇರಿಸಿ. ಈ ಸಾಧನಕ್ಕೆ ಹೊರಗಿನವರು ಬರೆದ ಎಕ್ಸ್‌ಟೆನ್ಷನ್‌ಗಳಿವೆ, ಅಂದರೆ ಹೊಸ ಕಮಾಂಡ್ ಸೇರಿಸುವ ಜೋಡಣೆಗಳು. ಅವನ್ನು ಬೇರೆಯಾಗಿ ಕಟ್ಟಿರುತ್ತಾರೆ, ಕೋಷ್ಟಕದ ಇಷ್ಟನೇ ಜಾಗದಲ್ಲಿ ಇಂಥದ್ದಿದೆ ಎಂದು ಅವು ನಂಬಿರುತ್ತವೆ. ನಡುವೆ ಒಂದು ಸೇರಿಸಿದರೆ ಅದರ ಕೆಳಗಿನವೆಲ್ಲ ಒಂದೊಂದು ಸರಿಯುತ್ತವೆ. ಮತ್ತೆ ಕಟ್ಟುವ ತನಕ ಆ ಎಕ್ಸ್‌ಟೆನ್ಷನ್‌ಗಳು ತಪ್ಪು ಜಾಗ ಓದುತ್ತವೆ. ಕಾಲಂ ಸರಿದದ್ದರಿಂದ ಬಂದ ಬಗ್ ಸರಿಪಡಿಸಲು ಹೋಗಿ ಇನ್ನೊಬ್ಬರ ಕಾಲಂ ಸರಿಸಿದಂತಾಯಿತು. ಕೋಷ್ಟಕವನ್ನು ಪರದೆ ಮೇಲೆ ತೋರಿಸುವ ಒಂದು ಸಹಾಯ ಕಮಾಂಡ್ ಇದೆ. ಅದಕ್ಕೂ ಹೊಸ ಸಾಲು ಸೇರಿಸಿದ್ದೀರಾ ಎಂದು ತಪ್ಪದೆ ಕೇಳುತ್ತಾರೆ.

ಮೆಮೊರಿಯೇ ಕೆಟ್ಟಿದ್ದರೆ

ಬೇರೆ ಸಾಫ್ಟ್‌ವೇರಿಗೂ ಇದಕ್ಕೂ ಇಲ್ಲಿ ದೊಡ್ಡ ವ್ಯತ್ಯಾಸ. ಸಾಮಾನ್ಯ ಪ್ರೋಗ್ರಾಂ ತನ್ನ ಮೆಮೊರಿ ಸರಿ ಇದೆ ಎಂದು ನಂಬಿ ಓಡುತ್ತದೆ. ಕ್ರ್ಯಾಶ್ ಸಾಧನ ಆ ನಂಬಿಕೆ ಇಟ್ಟುಕೊಳ್ಳುವಂತಿಲ್ಲ. ಅದರ ಮುಂದೆ ಬರುವುದೇ ಬಿದ್ದ ಯಂತ್ರದ ಮೆಮೊರಿ. ಬಿದ್ದಿರುವುದಕ್ಕೆ ಕಾರಣ ಆ ಮೆಮೊರಿ ಕೆಟ್ಟಿದ್ದೇ ಇರಬಹುದು.

ಕರ್ನಲ್‌ನಲ್ಲಿ ಬಹಳಷ್ಟು ವಿಷಯಗಳು ಪಟ್ಟಿಯ ರೂಪದಲ್ಲಿರುತ್ತವೆ. ಒಂದರಲ್ಲಿ ಮುಂದಿನದರ ವಿಳಾಸ, ಅದರಲ್ಲಿ ಅದರ ಮುಂದಿನದರ ವಿಳಾಸ. ನಡುವಿನ ಒಂದು ವಿಳಾಸ ಕೆಟ್ಟು ಹಿಂದಿನ ಯಾವುದಕ್ಕೋ ತೋರಿಸಿದರೆ, ಸಾಧನ ಸುತ್ತುತ್ತಲೇ ಇರುತ್ತದೆ. ಅದಕ್ಕೇ ಪಟ್ಟಿ ಓದುವ ಕೋಡ್ ತಾನು ದಾಟಿ ಬಂದ ವಿಳಾಸಗಳನ್ನು ನೆನಪಿಟ್ಟುಕೊಂಡು, ಅದೇ ವಿಳಾಸ ಎರಡನೇ ಸಲ ಬಂದರೆ ಹೇಳಿ ನಿಲ್ಲುತ್ತದೆ. ಪ್ಯಾಚ್ ಬರೆದವರು ಈ ಸಿದ್ಧ ಕೋಡ್ ಬಿಟ್ಟು ತಾವೇ ಒಂದು ಲೂಪ್ (ಮತ್ತೆ ಮತ್ತೆ ಓಡುವ ಕೋಡ್) ಬರೆದಿದ್ದರೆ ರಿವ್ಯೂ ಮಾಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ.

ಇನ್ನೊಂದು ಸಂಗತಿ, ಓದಲು ಹೋದ ಪುಟ ಡಂಪ್‌ನಲ್ಲೇ ಇಲ್ಲದಿರಬಹುದು. 31 ಎಂದು ಸೋಸಿ ಬಿಟ್ಟಿದ್ದು ನೆನಪಿದೆಯಲ್ಲ? ಆಗ ಏನು ಮಾಡಬೇಕು? ಕ್ರ್ಯಾಶ್‌ನಲ್ಲಿ ಮೆಮೊರಿ ಓದುವ ಫಂಕ್ಷನ್‌ಗೆ ಎರಡು ದಾರಿ ಕೊಟ್ಟಿದ್ದಾರೆ: ಸಿಗದಿದ್ದರೆ ಕಮಾಂಡನ್ನೇ ಅಲ್ಲಿಗೆ ನಿಲ್ಲಿಸು, ಅಥವಾ ಸಿಗಲಿಲ್ಲ ಎಂದು ಹೇಳಿ ಮುಂದಿನದಕ್ಕೆ ಹೋಗು. ಸಾವಿರ ಪ್ರೋಗ್ರಾಂಗಳ ಪಟ್ಟಿಯಲ್ಲಿ ಒಂದು ಸಿಗದೆ ಇಡೀ ಪಟ್ಟಿ ನಿಂತರೆ ಉಪಯೋಗವಿಲ್ಲ. ಆದರೆ ಎಲ್ಲ ಕಡೆ ಸದ್ದಿಲ್ಲದೆ ಮುಂದೆ ಹೋದರೆ ಪಟ್ಟಿ ಪೂರ್ತಿ ಇಲ್ಲ ಎಂಬುದೇ ಓದುವವರಿಗೆ ತಿಳಿಯುವುದಿಲ್ಲ. ಯಾವ ಜಾಗಕ್ಕೆ ಯಾವ ದಾರಿ ಎಂದು ಒಂದೇ ನಿಯಮದಲ್ಲಿ ಹೇಳಲು ಆಗದು. ರಿವ್ಯೂನಲ್ಲಿ ಜಾಸ್ತಿ ಚರ್ಚೆ ನಡೆಯುವುದು ಇಂಥಲ್ಲೇ.

ಪರೀಕ್ಷೆಗೆ ಡಂಪ್ ಸಿಗುವುದಿಲ್ಲ

ಪ್ಯಾಚ್ ಸರಿ ಎಂದು ತೋರಿಸಲು ಹಳೆಯ ಕರ್ನಲ್ ಡಂಪ್ ಒಂದು, ಹೊಸದು ಒಂದು, ಇಂಟೆಲ್‌ನದು, ಆರ್ಮ್‌ನದು, ಐಬಿಎಂನ ಪವರ್ ಮತ್ತು ಮೇನ್‌ಫ್ರೇಮ್‌ಗಳದು ಎಂದು ಹಲವು ಬೇಕು. ಕೊಡುವವರು ಕಡಿಮೆ. ಡಂಪ್‌ನಲ್ಲಿ ಆ ಕ್ಷಣದ ಮೆಮೊರಿ ಇರುತ್ತದೆ. ಪಾಸ್‌ವರ್ಡ್, ಗುಪ್ತ ಕೀಲಿ, ಗ್ರಾಹಕರ ವಿವರ ಅದರಲ್ಲಿ ಇರಬಹುದು. ಬಳಕೆದಾರರ ಪುಟಗಳನ್ನು ಸೋಸಿ ತೆಗೆದರೂ ಕರ್ನಲ್ ಇಟ್ಟುಕೊಂಡ ಪ್ರತಿಗಳಲ್ಲಿ ಏನಾದರೂ ಉಳಿದಿರುತ್ತದೆ. ಬ್ಯಾಂಕಿನವರು ತಮ್ಮ ಡಂಪನ್ನು ಪರಿಚಯವಿಲ್ಲದವರಿಗೆ ಯಾಕೆ ಕೊಡುತ್ತಾರೆ?

ಹಾಗಾಗಿ ಪ್ಯಾಚ್ ಜೊತೆ ಬರೆಯುವ ವಿವರಣೆಗೆ ಬಹಳ ಬೆಲೆ. ಒಳ್ಳೆಯ ವಿವರಣೆಯಲ್ಲಿ ಕರ್ನಲ್‌ನ ಯಾವ ಬದಲಾವಣೆಯಿಂದ ಇದು ಕೆಟ್ಟಿತು ಎಂದು ಗುರುತು ಸಮೇತ ಬರೆದಿರುತ್ತಾರೆ. ಪ್ಯಾಚ್ ಹಾಕುವ ಮುಂಚೆ ಕಮಾಂಡ್ ಏನು ತೋರಿಸುತ್ತಿತ್ತು, ಹಾಕಿದ ಮೇಲೆ ಏನು ತೋರಿಸಿತು ಎಂದು ಎರಡನ್ನೂ ಅಂಟಿಸಿರುತ್ತಾರೆ. "ಬಗ್ ಸರಿಪಡಿಸಿದೆ" ಎಂಬ ಒಂದೇ ಸಾಲು ಬರೆದು ಕಳಿಸಿದರೆ, ಕೋಡ್ ಎಷ್ಟೇ ಚೆನ್ನಾಗಿದ್ದರೂ, ವಿವರಣೆ ಕೇಳಿ ವಾಪಸ್ ಬರುವುದು ಗ್ಯಾರಂಟಿ.

ಎಲ್ಲ ಸರಿ ಎನಿಸಿದರೆ ನೋಡಿದವರು ತಮ್ಮ ಹೆಸರಿನ ಸಾಲೊಂದನ್ನು ಸೇರಿಸುತ್ತಾರೆ. ಬರೆದವರ ಸಾಲು ಬೇರೆ, ಓದಿ ಪರಿಶೀಲಿಸಿದವರದು ಬೇರೆ, ಓಡಿಸಿ ಪರೀಕ್ಷಿಸಿದವರದು ಬೇರೆ. ಓದಿದ್ದೇನೆ ಎಂದು ಸಹಿ ಹಾಕಿದವರು ಓಡಿಸಿಯೂ ನೋಡಿದ್ದಾರೆ ಎಂದು ತಿಳಿಯಬಾರದು.

ಮನೆಯಲ್ಲೇ ಒಂದು ಡಂಪ್ ಮಾಡಿಕೊಳ್ಳಬಹುದು

ಕಲಿಯುವವರಿಗೆ ಯಾರ ಡಂಪೂ ಬೇಕಿಲ್ಲ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಚುವಲ್ ಮಶೀನ್ (ಲ್ಯಾಪ್‌ಟಾಪ್ ಒಳಗೇ ಓಡುವ ಇನ್ನೊಂದು ತೋರಿಕೆಯ ಕಂಪ್ಯೂಟರ್) ಮಾಡಿ, ಅದರಲ್ಲಿ ಲಿನಕ್ಸ್ ಹಾಕಿ, ಕೆಡಂಪ್ ಚಾಲೂ ಮಾಡಿದರೆ ಸಾಕು. ಕರ್ನಲ್‌ನಲ್ಲಿ ಸಿಸ್‌ಆರ್‌ಕ್ಯೂ ಎಂಬ ವ್ಯವಸ್ಥೆ ಇದೆ, ಅದರ ಟ್ರಿಗರ್ ಫೈಲಿಗೆ ಸಿ ಎಂಬ ಒಂದೇ ಇಂಗ್ಲಿಷ್ ಅಕ್ಷರ ಬರೆದರೆ ಕರ್ನಲ್ ಬೇಕೆಂದೇ ಬೀಳುತ್ತದೆ. ಇದನ್ನು ಕಾಲೇಜಿನ ಲ್ಯಾಬ್ ಸರ್ವರ್ ಮೇಲೆ ಮಾಡಿ ನೋಡಲು ಹೋಗಬೇಡಿ, ನಿಜವಾಗಿಯೂ ಬೀಳುತ್ತದೆ. ವರ್ಚುವಲ್ ಮಶೀನ್ ಮತ್ತೆ ಎದ್ದ ಮೇಲೆ ವಾರ್ ಡೈರೆಕ್ಟರಿಯ ಕ್ರ್ಯಾಶ್ ಫೋಲ್ಡರಿನಲ್ಲಿ ಡಂಪ್ ಕೂತಿರುತ್ತದೆ.

ಅದನ್ನು ತೆರೆಯಲು ಅದೇ ಕರ್ನಲ್‌ನ ಡಿಬಗ್‌ಇನ್ಫೋ ಬೇಕು. ಅದೇ ಎಂದರೆ ಅದೇ, ಒಂದು ಅಂಕಿ ಹಿಂದುಮುಂದಾದರೂ ಸಾಧನ ಆವೃತ್ತಿ ಹೊಂದುತ್ತಿಲ್ಲ ಎಂದು ಎಚ್ಚರಿಸುತ್ತದೆ. ಒಳಗೆ ಹೋದ ಮೇಲೆ ಮೊದಲು 'ಲಾಗ್', ಆಮೇಲೆ 'ಬಿಟಿ', ಆಮೇಲೆ 'ಪಿಎಸ್'. ಬೀಳಿಸಿದ್ದು ನೀವೇ ಆದ್ದರಿಂದ ಉತ್ತರ ಮುಂಚೆಯೇ ಗೊತ್ತಿರುತ್ತದೆ, ಸಾಧನ ಅದನ್ನೇ ಹೇಳುತ್ತದೆಯೇ ಎಂದು ತಾಳೆ ನೋಡಬಹುದು. ಆಮೇಲೆ 5.14 ಕರ್ನಲ್ ಬರುವ ಮುಂಚಿನ ಕ್ರ್ಯಾಶ್ ಆವೃತ್ತಿಯೊಂದನ್ನು ಕಟ್ಟಿಕೊಂಡು, ಹೊಸ ಕರ್ನಲ್‌ನ ಡಂಪನ್ನು ಅದರಲ್ಲಿ ತೆರೆಯಿರಿ. ಎಲ್ಲಿ ನಿಂತಿತು, ಏನೆಂದು ಎರರ್ ಕೊಟ್ಟಿತು ಎಂದು ಬರೆದಿಟ್ಟುಕೊಂಡು, ಅದನ್ನು ಸರಿಪಡಿಸಿದ ನಿಜವಾದ ಪ್ಯಾಚನ್ನು ಸಾಧನದ ಗಿಟ್ ಇತಿಹಾಸದಲ್ಲಿ (ಕೋಡಿನ ಪ್ರತಿ ಬದಲಾವಣೆಯ ದಾಖಲೆಯಲ್ಲಿ) ಹುಡುಕಿ ಪಕ್ಕದಲ್ಲಿಟ್ಟು ಓದಬಹುದು.